ಕತ್ತಿನೊಳಗಿನ ಹಸಿರು ತಂತಿ

"ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ತಗೊಂಡು ಹೋಗು," ಎಂದಳು ಅಂಗಡಿಯ ಅಕ್ಕ. "ಅದು ನನ್ನ ತಮ್ಮಂದು. ಅದನ್ನ ಹಿಡ್ಕೊಂಡೇ ಸತ್ತ ಅವನು. ಈಗ ಯಾರು ಹಿಡಿದ್ರೂ ಅವರ ಕೈ ಅವರ ಮಾತು ಕೇಳಲ್ಲ."

ಕರೆಂಟಣ್ಣ ನಕ್ಕುಬಿಟ್ಟ. "ಅಕ್ಕಾ, ಬೆಳಗಾದ್ರೆ ಲೈವ್ ವೈರಿನ ಜೊತೆ ಸಂಸಾರ ಮಾಡೋನು ನಾನು. ನಿಮ್ಮ ದೆವ್ವ ಕೈಗೆ ಸಿಕ್ರೆ ಮೀಟರ್ ಇಟ್ಟು ಎಷ್ಟು ವೋಲ್ಟು ಅಂತ ನೋಡ್ತೀನಿ."

ಅಕ್ಕ ನಗಲಿಲ್ಲ.

ರಸ್ತೆಯಿಂದ ಮೆಟ್ಟಿಲಿಳಿದು ಹೋಗಬೇಕಾದ, ನೆಲದಡಿಯ ಅಂಗಡಿ ಅದು. ಹಳೆಯ ವಾದ್ಯಗಳ ಬಿಡಿಭಾಗಗಳು ಸಿಗುವ ಜಾಗ. ಹಿಂಬದಿಗೆ ಕಿಟಕಿಯಿಲ್ಲದ ಒಂದು ಉಗ್ರಾಣ. ನಡುಮಧ್ಯಾಹ್ನದಲ್ಲೂ ಅಲ್ಲಿ ಕತ್ತಲು ಗೋಡೆಗೆ ಬಳಿದ ಹಾಗೆ ನಿಂತಿತ್ತು. ಎಣ್ಣೆ, ಹಳೆಯ ವಾರ್ನಿಷ್, ತೇವ ಹಿಡಿದ ರಟ್ಟು, ಇವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ. ಕೂದಲು ಸುಟ್ಟದ್ದು. ಅದು ಬರುತ್ತಿದ್ದುದು ಮೂಲೆಯ ಮೊಳೆಗೆ, ಕಪ್ಪು ಬಟ್ಟೆ ಸುತ್ತಿ ತೂಗುಹಾಕಿದ್ದ ಬೇಸ್ ಗಿಟಾರಿನ ಒಂಟಿ ಕತ್ತಿನಿಂದ, ಎಡಗೈ ಬೆರಳಾಡಿಸುವ ಆ ಉದ್ದನೆಯ ಮರದ ಪಟ್ಟಿಯಿಂದ.

ಕರೆಂಟಣ್ಣನಿಗೆ ಬೇಕಾಗಿದ್ದುದೇ ಒಂದು ಕತ್ತು. ಹಗಲಲ್ಲಿ ಮನೆಗಳ ವೈರಿಂಗ್ ಮಾಡುತ್ತ, ಸಂಜೆ ಬೇಸ್ ನುಡಿಸುತ್ತ ಬದುಕುವ ಅವನು ಈ ಊರಿಗೆ ಹೊಸಬ. ಅಂಗಡಿಯಲ್ಲಿ ಸಿಗುವ ಸಿದ್ಧ ಗಿಟಾರು ಅವನಿಗೆ ಹಿಡಿಸದು. ತನ್ನ ಕೈಯಾರೆ ಒಂದನ್ನು ಕಟ್ಟಬೇಕೆಂಬ ಹಟ. ಹಗುರ ಮರದ ಒಡಲು ಪಾರ್ಸೆಲ್‌ನಲ್ಲಿ ಬಂದಿತ್ತು. ತಂತಿಗಳನ್ನು ಬಿಗಿಯುವ ಬಿರಡೆಗಳು ಒಬ್ಬರ ಕಡೆಯಿಂದ, ತಂತಿಗಳು ಕೂರುವ ಕುದುರೆ ಇನ್ನೊಬ್ಬರಿಂದ, ನಾದ ಹಿಡಿಯುವ ಪಿಕಪ್ಪುಗಳು ಮತ್ತೆಲ್ಲಿಂದಲೋ. "ಒಬ್ಬರ ಮುಖ ಒಬ್ಬರು ನೋಡದ ನೆಂಟರನ್ನೆಲ್ಲ ಒಂದೇ ಚಾಪೆ ಮೇಲೆ ಕೂರಿಸ್ತಿದೀರಿ," ಎಂದು ಹೆಂಡತಿ ಹಾಸ್ಯ ಮಾಡಿದ್ದಳು. ಕತ್ತು ಮಾತ್ರ ಕೂಡಿಬಂದಿರಲಿಲ್ಲ. ತರಿಸಿದ್ದರಲ್ಲಿ ಒಂದು ತಿರುಚಿಕೊಂಡಿತ್ತು, ಇನ್ನೊಂದರ ಬುಡ ಒಡಲಿನ ಗುಳಿಗೆ ಇಳಿಯಲೇ ಇಲ್ಲ.

"ಯಾರ ಜೊತೆ ನುಡಿಸ್ತೀಯ?" ಅಕ್ಕ ಕೇಳಿದಳು.

"ಆ ದೊಡ್ಡ ಹೋಟೆಲಿನ ಹಾಲ್‌ನಲ್ಲಿ ಹಾಡ್ತಾರಲ್ಲ, ಉದ್ದ ಕೂದಲಿನವರು. ಅವರ ತಂಡಕ್ಕೆ ಸೇರ್ಕೊಂಡಿದೀನಿ."

ಅಕ್ಕನ ಮುಖದಲ್ಲಿ ಏನೋ ಒಂದು ಬಾಗಿಲು ಹಾಕಿಕೊಂಡಂತಾಯಿತು. ದನಿ ಮೆತ್ತಗಾಯಿತು. "ಬೇಡ ಅಂತ ಹೇಳಿದೀನಿ. ಕೇಳಿಸ್ಕೊಂಡೆ ತಾನೆ?"

"ಕೇಳಿಸ್ಕೊಂಡೆ."

"ಹಾಗಾದ್ರೆ ನಿನ್ನ ಕೈಯಿಂದ ನೀನೇ ಇಳಿಸ್ಕೋ. ನಾನು ಮುಟ್ಟಿ ಕೊಡಲ್ಲ."

ಅವನು ಇಳಿಸಿಕೊಂಡ. ಅವಳು ಬೆಲೆ ಹೇಳಲಿಲ್ಲ, ಅವನು ಇಟ್ಟ ದುಡ್ಡನ್ನು ತೆಗೆದುಕೊಳ್ಳಲೂ ಇಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಒಂದು ಗೋಡೆಗೆ ಅವನ ಮೇಜು, ಎದುರು ಗೋಡೆಗೆ ಹೆಂಡತಿಯ ಹೊಲಿಗೆ ಯಂತ್ರ. ಪರದೆ ಹೊಲಿದು ಅವಳೂ ಒಂದಿಷ್ಟು ದುಡಿಯುತ್ತಿದ್ದಳು. ಅವನು ಕತ್ತಿನ ಬುಡವನ್ನು ಗುಳಿಗೆ ಹಿಡಿದ. ಒತ್ತಲೇ ಬೇಕಾಗಲಿಲ್ಲ. ಅದು ತಾನಾಗಿ ಒಳಗೆ ಜಾರಿ, ಯಾರೋ ಬಹಳ ಹೊತ್ತು ಹಿಡಿದಿದ್ದ ಉಸಿರು ಬಿಟ್ಟಂತೆ ಸದ್ದು ಮಾಡಿ ಕೂತಿತು. ಸಂದಿಯಲ್ಲಿ ಕಾಗದದ ಎಳೆಯೂ ತೂರುವಂತಿರಲಿಲ್ಲ.

"ನೋಡೇ! ಇದರ ಮದುವೆ ಮೊದಲೇ ನಿಶ್ಚಯ ಆಗಿತ್ತು," ಎಂದ ಅವನು.

ಹೆಂಡತಿ ಮೂಗಿಗೆ ಬಟ್ಟೆ ಹಿಡಿದಿದ್ದಳು. "ಏನ್ರೀ ಅದು, ಕೂದಲು ಸುಟ್ಟ ವಾಸನೆ?"

ಕತ್ತಿನ ತುದಿಯಲ್ಲಿ ಪುಟ್ಟ ಮುಚ್ಚಳವೊಂದಿತ್ತು. ಅದರ ಹಿಂದಿನ ತೋಡಿನೊಳಗೆ ಕತ್ತು ಬಾಗದಂತೆ ಹಿಡಿಯುವ ಕಬ್ಬಿಣದ ಸರಳು. ಅದನ್ನು ಬಿಗಿಮಾಡಲೆಂದು ಮುಚ್ಚಳ ಬಿಚ್ಚಿದರೆ ಒಳಗೆ ಬೂದಿ. ಬೂದಿಯೊಳಗೆ ಒಂದು ತಂತಿಯ ತುಣುಕು, ಅದಕ್ಕೆ ಬಿಗಿಯಾಗಿ ಸುತ್ತಿದ ಹೆಂಗಸಿನ ನೀಳ ಕೂದಲು. ತಂತಿಯ ಹೊದಿಕೆ ಹಸಿರು. ಹಸಿರೆಂದರೆ ಅರ್ತ್ ವೈರು. ಹಾದಿ ತಪ್ಪಿದ ವಿದ್ಯುತ್ತನ್ನು ಮನುಷ್ಯನ ಮೈಗೆ ಬಿಡದೆ ನೆಲಕ್ಕೆ ಒಯ್ಯುವ ತಂತಿ. ಅದರ ಎರಡೂ ತುದಿಗಳನ್ನು ಯಾರೋ ಕತ್ತರಿಸಿದ್ದರು.

"ಇದನ್ನ ವಾಪಸ್ ಕೊಟ್ಟು ಬನ್ನಿ. ಇವತ್ತೇ," ಎಂದಳು ಹೆಂಡತಿ.

"ಹುಚ್ಚಿ. ಅಕ್ಕನ ತಲೆ ಸರಿಯಿಲ್ಲ ಅಷ್ಟೆ." ಅವನು ಅದನ್ನೆಲ್ಲ ಕೆದಕಿ ಕಸದಬುಟ್ಟಿಗೆ ಊದಿದ. ಬೂದಿ ಬುಟ್ಟಿಗೆ ಬೀಳಲಿಲ್ಲ. ಅವನ ಎಡಗೈಯ ಬೆರಳಿಗೆ ಅಂಟಿ, ಸೋಪು ಹಾಕಿ ಉಜ್ಜಿದರೂ ಉಗುರಿನಡಿ ಕಪ್ಪಗೆ ಉಳಿಯಿತು.

ಬೇಸ್ ಸಿದ್ಧವಾಯಿತು. ಅದರ ನಾದ ಕೇಳಿ ಅವನ ಮೈ ಜುಮ್ಮೆಂದಿತು. ಅಷ್ಟು ಆಳದ, ನೆಲದೊಳಗಿಂದ ಎದ್ದು ಬಂದಂಥ ದನಿಯನ್ನು ಅವನು ಯಾವ ಗಿಟಾರಿನಲ್ಲೂ ಕೇಳಿರಲಿಲ್ಲ. ಆಮೇಲೆ, ಪ್ಲಗ್ ಕಿತ್ತು ಗೋಡೆಗೆ ಒರಗಿಸಿಟ್ಟಾಗಲೂ ತಂತಿಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಹೆಂಡತಿ ಹೊಲಿಗೆ ಯಂತ್ರದ ಪೆಡಲು ನಿಲ್ಲಿಸಿ ಆಲಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಊಟ ಮಾಡಿ ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಹೆಂಡತಿ ಕತ್ತರಿಗೆಂದು ಕೈಚಾಚಿದರೆ ಕತ್ತರಿ ಇಲ್ಲ. ಬೆನ್ನಹಿಂದೆ ಕಚ್, ಕಚ್. ತಿರುಗಿದಳು. ಅವನ ಕಣ್ಣು ಮುಚ್ಚಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು, ತಲೆ ಒಂದು ಕಡೆ ವಾಲಿತ್ತು. ಎಡಗೈ ಮಾತ್ರ ಎಚ್ಚರವಾಗಿತ್ತು. ಅದು ಮೇಜಿನ ಮೇಲಿನ ವೈರಿನ ಸುರುಳಿಗಳನ್ನು ತಡಕಿತು. ಕೆಂಪನ್ನು ಮುಟ್ಟಿ ಬಿಟ್ಟಿತು. ಕಪ್ಪನ್ನು ಬಿಟ್ಟಿತು. ಹಸಿರನ್ನು ಹಿಡಿದು ಅವಳ ಕತ್ತರಿಯಿಂದ ಕತ್ತರಿಸಿತು. ಮತ್ತೆ ಕತ್ತರಿಸಿತು. ಅವನ ಮಡಿಲ ತುಂಬ ಹಸಿರು ತುಣುಕುಗಳು.

ಅವಳು ಕಿರುಚಿದಳು. ಅವನು ಎದ್ದ. ಮಡಿಲು ನೋಡಿಕೊಂಡ. ನಗಲು ಹೋದ, ನಗು ಬರಲಿಲ್ಲ. ಅವನು ಎಡಚನಲ್ಲ. ಎಡಗೈಯಲ್ಲಿ ಕತ್ತರಿ ಹಿಡಿದವನೇ ಅಲ್ಲ.

ಮರುದಿನವೇ ಅಂಗಡಿಗೆ ಓಡಿದ. ಶಟರು ಎಳೆದು ಬೀಗ ಹಾಕಿತ್ತು. ಮನೆಗೆ ಬಂದು ಕತ್ತನ್ನು ಬಿಚ್ಚಲು ಕೂತರೆ ತಾನೇ ಹಾಕಿದ್ದ ಸ್ಕ್ರೂಗಳು ಮಿಸುಕಲಿಲ್ಲ. ಒಡೆದೇಬಿಡೋಣವೆಂದು ಸುತ್ತಿಗೆ ಎತ್ತಿದ. ಎಡಗೈ ಬಂದು ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತು. ಮೂಳೆ ನೋಯುವಷ್ಟು ಬಿಗಿಯಾಗಿ. ಸುತ್ತಿಗೆ ಕೆಳಗಿಟ್ಟ ಮೇಲೆಯೇ ಬಿಟ್ಟಿತು.

ಕೈಯಲ್ಲಿ ಬೇರೆ ಬೇಸ್ ಇಲ್ಲದೆ ತಾಲೀಮಿಗೆ ಅದನ್ನೇ ಒಯ್ಯಬೇಕಾಯಿತು. ಮೊದಲ ಸ್ವರ ಕೇಳಿದ್ದೇ ಹಾಡುಗಾರ ಹಾಡು ನಿಲ್ಲಿಸಿದ. ಹತ್ತಿರ ಬಂದು ಕತ್ತನ್ನು ನೋಡಿದ. ಲೋಹದ ಮೆಟ್ಟುಗಳ ನಡುವೆ ಮರ ಸುಟ್ಟು ಕಂದಿದ ಗುರುತುಗಳಿದ್ದವು, ನಾಲ್ಕು ಬೆರಳಿನ ಅಗಲಕ್ಕೆ.

"ಎಲ್ಲಿ ಸಿಕ್ತೋ ಇದು?"

"ನೆಲದಡಿ ಅಂಗಡಿಯಲ್ಲಿ. ಆ ಅಕ್ಕನ ತಮ್ಮ ನಿಮ್ಮ ತಂಡದಲ್ಲಿದ್ನಾ? ಹೇಗೆ ಸತ್ತ?"

ಉಳಿದವರು ಟೀ ಕುಡಿಯಲು ಹೊರಗೆ ಹೋಗುವವರೆಗೂ ಹಾಡುಗಾರ ಕಾದ. ಆಮೇಲೆ ಕುರ್ಚಿಯ ಮೇಲೆ ಕಾಲಿಟ್ಟುಕೊಂಡು, ಕಳೆದ ವರ್ಷದ ಸೆಕೆಯ ಬಗ್ಗೆ ಮಾತಾಡುವವನಂತೆ ಹೇಳಿದ. "ಅವನ ಆಂಪ್ಲಿಫೈಯರ್ ಪೆಟ್ಟಿಗೆ ಗುಂಯ್ ಗುಂಯ್ ಅಂತಿತ್ತು ಮಾರಾಯ. ನನ್ನ ಹಾಡೆಲ್ಲ ಹಾಳು. ಅರ್ತ್ ಕತ್ತರಿಸಿದ್ರೆ ಗುಂಯ್ ನಿಲ್ಲುತ್ತೆ ಅಂತ ಗೊತ್ತಲ್ಲ? ಕತ್ತರಿಸಿದೆ. ಅವನಿಗೆ ಹೇಳೋದು ಮರೆತುಹೋಯ್ತು. ಪಾಪ, ಬೇಸಿನ ತಂತಿ ಹಿಡ್ಕೊಂಡೇ ಮೈಕ್ ಮುಟ್ಟಿದ, ಕರೆಂಟ್ ಹೊಡೀತು."

"ಜನ ಏನಂದ್ರು?"

"ಕುಡಿದು ವೈರ್ ಎಡವಿದ ಅಂತ ನಾವೇ ಹೇಳಿದ್ವಿ. ಎಲ್ಲರೂ ನಂಬಿದ್ರು."

"ಕುಡೀತಿದ್ನಾ?"

"ಎಲ್ಲಿ! ಟೀನೂ ಕುಡೀತಿರ್ಲಿಲ್ಲ ಅವನು," ಎಂದು ಹಾಡುಗಾರ ನಕ್ಕ. "ಆ ಅಕ್ಕ ಬಂದು ನನ್ನ ಕಾಲು ಹಿಡಿದಿದ್ಲು. ತಮ್ಮ ಕುಡುಕ ಅಲ್ಲ ಅಂತ ಒಂದು ಮಾತು ಹೇಳಿ ಸಾಕು ಅಂತ. ಹೇಳಿದ್ರೆ ನನ್ನ ಕುತ್ತಿಗೆಗೆ ಬರಲ್ವಾ?"

ಕರೆಂಟಣ್ಣನ ಕಿವಿ ಬಿಸಿಯಾಯಿತು. ಅವನ ಕಸುಬಿನಲ್ಲಿ ಎಂಥ ಕಳ್ಳನೂ ಅರ್ತ್ ಕತ್ತರಿಸುವುದಿಲ್ಲ. ಒಂದು ಸಾವಿನ ಮೇಲೆ ಕಾಲಿಟ್ಟುಕೊಂಡು ಕೂತ ಈ ಮನುಷ್ಯನ ನಗು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಬೇಸಿನ ಒಡಲು ಅವನ ಹೊಟ್ಟೆಗೆ ತಾಗಿ ಸಣ್ಣಗೆ ನಡುಗುತ್ತಿತ್ತು.

ಹೋಟೆಲಿನ ಹಾಲ್‌ನಲ್ಲಿ ಸಂಜೆಯ ಕಾರ್ಯಕ್ರಮ. ಅವನಿಗೆ ದಿಗಿಲಾಗಿ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. "ನನ್ನ ಎಡಗೈ ಮೇಲೊಂದು ಕಣ್ಣಿಟ್ಟಿರು," ಎಂದಿದ್ದ. ಅವಳು ಮುಂದಿನ ಸಾಲಿನಲ್ಲಿ ಕೂತಳು. ಹಾಲ್ ತುಂಬ ಹೂವು, ಅತ್ತರು, ಮಕ್ಕಳ ಗದ್ದಲ. ವೇದಿಕೆಯ ಹಿಂದೆ ಪರದೆಗಳ ನಡುವೆ ಕತ್ತಲು. ಅವನು ತಂತಿಗಳನ್ನು ಶ್ರುತಿ ಮಾಡುತ್ತಿದ್ದುದು ನೆನಪು. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ಅವನು ವೇದಿಕೆಯ ಮೇಲೆ, ತನ್ನ ಜಾಗದಲ್ಲಿ, ಬೇಸ್ ಹೆಗಲಿಗೇರಿಸಿ ನಿಂತಿದ್ದ. ದೀಪಗಳು ಬೆಳಗಿದ್ದವು. ಜನ ಚಪ್ಪಾಳೆ ತಟ್ಟುತ್ತಿದ್ದರು. ಬೂಟಿನ ಹತ್ತಿರ, ಯಾವಾಗ ಎತ್ತಿಕೊಂಡನೆಂದು ಅವನಿಗೇ ಗೊತ್ತಿಲ್ಲದ ಹೆಂಡತಿಯ ಕತ್ತರಿ ಬಿದ್ದಿತ್ತು. ಎಡಗೈ ಕತ್ತನ್ನು ಹಿಡಿದಿತ್ತು. ಬೆರಳುಗಳು ಸರಿಯಾಗಿ ಆ ಕಂದಿದ ಗುರುತುಗಳ ಮೇಲೆ ಕೂತಿದ್ದವು. ಬೆರಳಸಂದಿಯಲ್ಲಿ ಏನೋ ಇತ್ತು.

ಹಸಿರು ತುಣುಕು.

ಅವನು ಹಾಡುಗಾರನತ್ತ ತಿರುಗಿದ.

ಹಾಡುಗಾರ ತನ್ನ ಗಿಟಾರನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಅದರ ವೈರು ಹಿಂದಿನ ಪೆಟ್ಟಿಗೆಗೆ ಹೋಗಿತ್ತು. ಯಾರಿಗೂ ಮುಟ್ಟಲು ಬಿಡದ ಅವನದೇ ಪೆಟ್ಟಿಗೆ. ಅದರ ಹಿಂಬದಿಯ ತಗಡು ಓರೆಯಾಗಿತ್ತು. ಕರೆಂಟಣ್ಣನಿಗೆ ಬೇರೆ ಏನೂ ನೋಡಬೇಕಾಗಲಿಲ್ಲ. ಒಳಗೆ ಏನಾಗಿದೆಯೆಂದು ಅವನ ಕೈಗೆ ಗೊತ್ತಿತ್ತು.

ಹಾಡುಗಾರ ತಂತಿಯನ್ನೊಮ್ಮೆ ಮೀಟಿದ. ಅವನ ಮುಖ ಅರಳಿತು. ಇತ್ತ ತಿರುಗಿ ಕಣ್ಣು ಮಿಟುಕಿಸಿದ. "ಇವತ್ತು ಗುಂಯ್ ಅನ್ನೋದೇ ಇಲ್ಲ ನೋಡೋ!"

ಕೂದಲು ಸುಟ್ಟ ವಾಸನೆ.

ಹಾಡುಗಾರ ಮೈಕಿನತ್ತ ನಡೆದ. ಒಂದು ಮಾತು ಸಾಕಿತ್ತು. ನಿಲ್ಲು. ಮುಟ್ಟಬೇಡ. ಕರೆಂಟಣ್ಣ ಬಾಯಿ ತೆರೆದ. ನಾಲಿಗೆ ಒಣಗಿತ್ತು. ಹಾಡುಗಾರ ಮೈಕಿಗೆ ಬಾಗಿದ. ಉದ್ದ ಕೂದಲನ್ನು ಹಿಂದಕ್ಕೆ ತಳ್ಳಿದ. ನಕ್ಕ. ಅದೇ ನಗು. ಟೀನೂ ಕುಡೀತಿರ್ಲಿಲ್ಲ ಎಂದಾಗಿನ ನಗು. ಒಂದು ಕೈ ತಂತಿಯ ಮೇಲೆ. ತುಟಿ ಮೈಕಿನ ಹತ್ತಿರ. ಇನ್ನೂ ಹತ್ತಿರ.

ತಾಗಿತು.

ಹಾಡಿನ ಬದಲು ಒಂದು ಗುಂಯ್ ಎದ್ದಿತು. ಹಾಲ್ ತುಂಬ. ಹಾಡುಗಾರನ ಹಲ್ಲು ಕಚ್ಚಿಕೊಂಡವು. ಬೆನ್ನು ಬಿಲ್ಲಾಯಿತು. ಕಣ್ಣುಗಳು ಕರೆಂಟಣ್ಣನನ್ನೇ ನೋಡುತ್ತ ನಿಂತವು. ದೀಪಗಳು ಹೋದವು. ಕತ್ತಲಲ್ಲಿ ಮಗುವೊಂದು ಅತ್ತಿತು. ಬೇಸ್ ಮಾತ್ರ, ವಿದ್ಯುತ್ತಿಲ್ಲದೆ, ಯಾರೂ ನುಡಿಸದೆ, ಒಂದೇ ಸ್ವರವನ್ನು ಬಹಳ ಹೊತ್ತು ನುಡಿಯಿತು. ಆಮೇಲೆ ಅದೂ ನಿಂತಿತು.

ಹಾಡುಗಾರನ ಸಾವಿಗೆ ಯಾರೂ ಕರೆಂಟಣ್ಣನತ್ತ ಬೆರಳು ತೋರಿಸಲಿಲ್ಲ. ಗುಂಯ್ ಬಂದರೆ ಅರ್ತ್ ಕತ್ತರಿಸುವ ಚಾಳಿ ಹಾಡುಗಾರನಿಗಿತ್ತು ಎಂದು ತಂಡದವರೇ ಹೇಳಿದರು. ಅವನೇ ಮಾಡಿಕೊಂಡ ಎಂದು ಎಲ್ಲರೂ ಕೈ ತೊಳೆದುಕೊಂಡರು. ಹಳೆಯ ಸಾವಿನ ಮಾತೂ ಆಗ ಹೊರಬಂತು. ಅಕ್ಕನ ತಮ್ಮ ಕುಡುಕನಾಗಿರಲಿಲ್ಲ ಎಂದು ಊರಿಗೆ ಕೊನೆಗೂ ತಿಳಿಯಿತು.

ಆದರೆ ಕರೆಂಟಣ್ಣನ ಎಡಗೈ ಕತ್ತನ್ನು ಬಿಡಲಿಲ್ಲ. ವೈದ್ಯರು ಸೂಜಿ ಚುಚ್ಚಿದರು, ಬೆರಳುಗಳ ಕೆಳಗೆ ಚಮಚ ತೂರಿಸಿ ಎಬ್ಬಿಸಲು ನೋಡಿದರು. ಆಗಲಿಲ್ಲ. ಸ್ಕ್ರೂಗಳು ಈಗ ಸಲೀಸಾಗಿ ತಿರುಗಿದವು. ಒಡಲು ಕಳಚಿಬಂತು, ಕತ್ತು ಮುಷ್ಟಿಯಲ್ಲೇ ಉಳಿಯಿತು. ಅದರ ಮೇಲೆ ಟವೆಲ್ ಸುತ್ತಿಕೊಂಡು ಅವನು ಹೆಂಡತಿಯ ಜೊತೆ ಅಂಗಡಿಗೆ ಹೊರಟ.

ದಾರಿಯಲ್ಲಿ ಅವಳು ಮೆಲ್ಲಗೆ ಕೇಳಿದಳು. "ನಿಮ್ಮ ಬಾಯಿ ತೆರೆದಿತ್ತು. ನಾನು ನೋಡಿದೆ. ಯಾಕ್ರೀ ಕೂಗಲಿಲ್ಲ?"

"ದನಿ ಬರಲಿಲ್ಲ ಕಣೆ. ಮಾಟ ಮಾಡಿ, ಕೈ ಜೊತೆ ಗಂಟಲನ್ನೂ ಕಟ್ಟಿಹಾಕಿದ್ಲು ಆ ಅಂಗಡಿಯವಳು."

ಅವಳ ಕಣ್ಣು ತುಂಬಿತು. ಅವನ ಭುಜ ಹಿಡಿದುಕೊಂಡಳು. "ಅದನ್ನೂ ಬಿಚ್ಚಿಸ್ಕೊಂಡು ಬನ್ನಿ. ನಾನು ಇಲ್ಲೇ ನಿಂತಿರ್ತೀನಿ."

ಅಂಗಡಿಯ ಶಟರು ತೆರೆದಿತ್ತು. ಅಕ್ಕ ಅವನನ್ನು ಉಗ್ರಾಣದ ಕತ್ತಲಿಗೆ ಕರೆದೊಯ್ದು, ಸ್ಟೂಲಿನ ಮೇಲೆ ಕೂರಿಸಿ, ಅವನ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. "ಸಾಕು ಬಿಡೋ ತಮ್ಮಾ. ಮುಗೀತು," ಎಂದಳು. ಹೆಬ್ಬೆರಳು ಸಡಿಲವಾಯಿತು. ತೋರುಬೆರಳು, ಮಧ್ಯದ ಬೆರಳು. ಕತ್ತು ಅವಳ ಮಡಿಲಿಗೆ ಬಿತ್ತು. ಉಳಿದ ಎರಡು ಬೆರಳು ಕೊಕ್ಕೆಯಂತೆ ಬಾಗಿಯೇ ಉಳಿದವು.

"ಅವು ಇನ್ನು ನೆಟ್ಟಗಾಗಲ್ಲ," ಎಂದಳು. "ಬೇಡ ಅಂದ್ರೂ ತಗೊಂಡು ಹೋಗೋ ಒಂದು ಕೈ ನನಗೆ ಬೇಕಿತ್ತು. ಅದಕ್ಕೆ ನಿನ್ನ ಕ್ಷಮೆ ಕೇಳಲ್ಲ ನಾನು."

"ಗಂಟಲಿನ ಕಟ್ಟು?" ಅವನು ಕೇಳಿದ. "ಅದನ್ನೂ ಬಿಚ್ಚಿ ಅಕ್ಕ."

"ಯಾವ ಕಟ್ಟು?"

"ಕೂಗೋಕೆ ಹೋದೆ. ಆಗಲಿಲ್ಲ. ನೀವು ನನ್ನ ಬಾಯಿಗೂ..."

ಅಕ್ಕ ಅವನ ಮುಖ ನೋಡಿದಳು. ಮೊದಲು ಅವಳ ತುಟಿಯಲ್ಲಿ ನಗುವಿನಂಥದೇನೋ ಮೂಡಿತು, ಆಮೇಲೆ ಅದು ಕನಿಕರವಾಯಿತು.

"ನಾನು ಕಟ್ಟಿದ್ದು ಕೈ ಮಾತ್ರ ಕಣೋ," ಎಂದಳು. "ಬಾಯಿ ನಿಂದೇ ಇತ್ತು."

ಅವನು ಎದ್ದ. ಮೆಟ್ಟಿಲು ಹತ್ತಿದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹೆಂಡತಿ ಓಡಿಬಂದು ಅವನ ಕೈ ಹಿಡಿದು, ಬಾಗಿದ ಬೆರಳುಗಳನ್ನು ಸವರಿ, ಮುಖ ನೋಡಿದಳು.

"ಗಂಟಲಿಂದು? ಬಿಚ್ಚಿದ್ಲಾ?"

"ಬಿಚ್ಚಿದ್ಲು," ಎಂದ ಕರೆಂಟಣ್ಣ.