ಟೋಪಿರಾಯನ ಬೆನ್ನು

ಪರದೆಯ ಮೇಲೆ ಟೋಪಿರಾಯನ ಬೆನ್ನು ಕಂಡರೆ ಸಾಕು, ಆ ಮನುಷ್ಯನ ನಾಲಿಗೆ ತುರಿಸತೊಡಗುತ್ತಿತ್ತು.

ಟೋಪಿರಾಯ ಅಂದರೆ ಹಾಲಿವುಡ್ಡಿನ ಹಳೇ ಕಪ್ಪು-ಬಿಳುಪು ಕಾಲದ ನಾಯಕ. ಯಾವ ಚಿತ್ರದಲ್ಲೂ ಟೋಪಿ ಬಿಟ್ಟವನಲ್ಲ, ಅದಕ್ಕೇ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವನಿಗೆ ಆ ಹೆಸರು. ಅವನ ಚಿತ್ರಗಳಲ್ಲೇ ಅತ್ಯುತ್ತಮವಾದವನ್ನು ಆರಿಸಿ, ನಮ್ಮ ಮಾತಿಗೆ ಡಬ್ ಮಾಡಿಸಿ, ಭಾನುವಾರ ಸಂಜೆ ತೋರಿಸುತ್ತೇವೆಂದು ಟೀವಿ ಚಾನೆಲ್ಲೊಂದು ಹೊರಟಿತ್ತು. ಸಂಭಾಷಣೆ ಬರೆಯುವುದು ಒಬ್ಬಾಕೆಯ ಕೆಲಸ. ಟೋಪಿರಾಯನಿಗೆ ದನಿ ಕೊಡುವುದು, ನಾಲಿಗೆ ತುರಿಸುವ ಆ ಮನುಷ್ಯನ ಕೆಲಸ. ಸ್ಟುಡಿಯೋದವರು ಅವಳನ್ನು ಕತ್ತರಿ ಅನ್ನುತ್ತಿದ್ದರು, ಅವನನ್ನು ಗಂಟಲು ಅನ್ನುತ್ತಿದ್ದರು. ಇಬ್ಬರಿಗೂ ಹಾವು ಮುಂಗುಸಿಯ ಸಂಬಂಧ.

ಜಗಳ ಶುರುವಾದದ್ದು ಮೊದಲ ಚಿತ್ರದಲ್ಲೇ. ಮುಳುಗುತ್ತಿರುವ ಹಡಗಿನ ಕ್ಯಾಪ್ಟನ್ ಆಗಿದ್ದ ಟೋಪಿರಾಯ, ನಮಗೆ ಬೆನ್ನು ಮಾಡಿ ಸಮುದ್ರ ನೋಡುತ್ತಾ ನಿಂತಿದ್ದ. ಅವಳು ಅಲ್ಲಿ 'ಮೌನ' ಎಂದು ಬರೆದಿದ್ದಳು. ಮೈಕಿನ ಮುಂದಿದ್ದ ಗಂಟಲು ಮಾತ್ರ ನಿಟ್ಟುಸಿರು ಬಿಟ್ಟು, "ಸಮುದ್ರಾನೂ ನನ್ನ ಹಾಗೇನೇ... ಎಲ್ಲರನ್ನೂ ಹೊತ್ಕೊಂಡು ಒಂಟಿ" ಎಂದುಬಿಟ್ಟ.

ಗಾಜಿನಾಚೆ ಕೂತಿದ್ದವಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಯಾರ್ರೀ ಬರೆದಿದ್ದು ಅದನ್ನ?"

"ನಾನೇ. ಚೆನ್ನಾಗಿದೆ ಅಲ್ವಾ?"

"ಕ್ಯಾಲೆಂಡರ್ ಮೇಲೆ ಹಾಕೋ ಮಾತು ಅದು!"

"ಬಾಯಿ ಕಾಣಲ್ವಲ್ಲ ಮೇಡಂ. ಬಾಯಿ ಕಂಡ್ರೆ ನಿಮ್ಮ ಮಾತು, ಬೆನ್ನು ಕಂಡ್ರೆ ನನ್ನ ಮಾತು."

"ಬೆನ್ನು ಸುಮ್ನಿರುತ್ತೆ ರೀ! ಅದಕ್ಕೇ ಅವನು ದೊಡ್ಡ ನಟ, ನೀವು ಬರೀ ಗಂಟಲು."

ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದವರು ಅವಳ ಸೋದರಮಾವ. ಅವರು ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟು, "ನಾನು ಇಲ್ಲಿ ಇಲ್ವೇ ಇಲ್ಲ ಅಂದ್ಕೊಳ್ಳಿ" ಎಂದು ಕಾಫಿಗೆ ಎದ್ದು ಹೋದರು.

ಅಲ್ಲಿಂದಾಚೆ ಬೆನ್ನು ಕಂಡಲ್ಲೆಲ್ಲ ಯುದ್ಧ. ಸುಳ್ಳು ಸಾಕ್ಷಿ ಹೇಳಿಸಿ ಪಶ್ಚಾತ್ತಾಪ ಪಡುವ ವಕೀಲನ ಬೆನ್ನಿಗೆ ಅವನು ಒಂದು ಮಾತು ಅಂಟಿಸಿದ, ಅವಳು ಅಳಿಸಿದಳು. ಗೆದ್ದ ದಿನವೇ ಕೈ ಮುರಿದುಕೊಂಡ ಬಾಕ್ಸರನ ಬೆನ್ನಿಗೆ ಇನ್ನೊಂದು ಅಂಟಿಸಿದ, ಅದನ್ನೂ ಅಳಿಸಿದಳು. ಮಾವ ಎರಡೂ ಕಡೆಯಿಂದ ಬೈಸಿಕೊಂಡರು.

ಇಷ್ಟಾದರೂ ಗಾಜಿನಾಚೆಯಿಂದ ಅವಳ ಕಣ್ಣು ಅವನ ಮೇಲೆಯೇ ಇರುತ್ತಿತ್ತು. ಶತ್ರುವಿನ ಮೇಲೆ ಒಂದು ಕಣ್ಣಿಡಬೇಕು ತಾನೇ? ಪ್ರೀತಿಯ ಮಾತು ಬಂದಾಗ ಅವನು ಕಣ್ಣು ಮುಚ್ಚುತ್ತಿದ್ದ, ಕೋಪದ ಮಾತಿಗೆ ಅಂಗಿಯ ತೋಳು ಮಡಚುತ್ತಿದ್ದ. ಟೇಕ್ ಮುಗಿದೊಡನೆ ತಲೆಯೆತ್ತಿ ನೇರ ಅವಳನ್ನೇ ನೋಡುತ್ತಿದ್ದ, ಹುಬ್ಬು ಮಾತ್ರ ಏರಿಸಿ. 'ಹೇಗೆ?' ಎಂಬಂಥ ನೋಟ. ಅವಳು ತಕ್ಷಣ ಕಾಗದದಲ್ಲಿ ಮುಖ ಹುದುಗಿಸುತ್ತಿದ್ದಳು, ಕಿವಿ ಬಿಸಿಯಾದದ್ದಕ್ಕೆ ಏಸಿಯನ್ನು ಬೈಯುತ್ತಿದ್ದಳು.

ಮೂವರು ಅತ್ತೆಯರ ಕೈಗೆ ಸಿಕ್ಕಿಬಿದ್ದ ಜಾದೂಗಾರನ ಹಾಸ್ಯಚಿತ್ರದಲ್ಲಂತೂ ಅವನು ಎಷ್ಟು ಚೆನ್ನಾಗಿ ಪೇಚಾಡಿದನೆಂದರೆ, ಅವಳು ಬಾಯಿಗೆ ಕೈ ಅಡ್ಡ ಹಿಡಿದರೂ ಕೇಳದೆ ನಕ್ಕುಬಿಟ್ಟಳು. ಅವನು ನೋಡಿಬಿಟ್ಟ. ಆ ಸಿಟ್ಟಿಗೆ ಇಡೀ ದೃಶ್ಯವನ್ನು ಮತ್ತೆ ಮಾಡಿಸಿದಳು.

"ಇದೇ ಇವನ ಬೆಸ್ಟ್ ಪಿಕ್ಚರ್" ಎಂದ ಅವನು, ಬೆವರೊರೆಸಿಕೊಳ್ಳುತ್ತಾ.

"ಅಲ್ಲ. ಪಿಯಾನೋ ಚಿತ್ರ ಬೆಸ್ಟ್. ಅದರ ಕೊನೇಲಿ ಅವನು ಬಾಗಿಲ ಹತ್ರ ಬೆನ್ನು ಮಾಡಿ ನಿಲ್ತಾನಲ್ಲ, ಅದಕ್ಕಿಂತ ದೊಡ್ಡ ಮೌನ ಯಾರೂ ಮಾಡಿಲ್ಲ. ಅಲ್ಲಿ ನೀವು ಬಾಯಿ ಹಾಕಿದ್ರೆ ನೋಡಿ!"

"ಹಾಕೇ ಹಾಕ್ತೀನಿ."

ಅವಳು ಸೀದಾ ಸ್ಟುಡಿಯೋ ಮಾಲೀಕರ ಕೋಣೆಗೆ ಹೋದಳು. "ಒಂದೋ ಅವರಿರಬೇಕು, ಇಲ್ಲಾ ನಾನಿರಬೇಕು." ಮಾಲೀಕರು ಸಮಾಧಾನ ಮಾಡುತ್ತಾರೆ, ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳುತ್ತಾರೆ ಎಂದು ಅವಳ ಲೆಕ್ಕ. ಅವರು ಫೋನಿನಿಂದ ತಲೆಯನ್ನೂ ಎತ್ತದೆ, "ಸರಿ, ಪಿಯಾನೋ ಮುಗಿಸಿ ಹೊರಡಲಿ. ಮುಂದಿನದಕ್ಕೆ ಬೇರೆ ದನಿ ನೋಡೋಣ" ಎಂದುಬಿಟ್ಟರು.

ಗೆದ್ದಳು. ಗೆದ್ದವರಿಗೆ ಊಟ ರುಚಿಸಬೇಕಲ್ಲ? ಅವಳ ಡಬ್ಬಿ ಮುಚ್ಚಳ ತೆರೆಯದೆ ಮನೆಗೆ ವಾಪಸಾಯಿತು.

ಮರುದಿನ ಕಾಫಿ ಯಂತ್ರದ ಬಳಿ ಅವನೇ ಅಡ್ಡ ಬಂದ.

"ಕೆಲಸ ಕಿತ್ಕೊಂಡ್ರಿ. ಥ್ಯಾಂಕ್ಸ್."

"ಬರೆದಿದ್ದನ್ನ ಬರೆದ ಹಾಗೆ ಓದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ."

"ನಮ್ಮಕ್ಕಂಗೆ ಕಣ್ಣು ಕಾಣಲ್ಲ" ಎಂದ ಅವನು. ದನಿಯಲ್ಲಿ ಟೋಪಿರಾಯ ಇರಲಿಲ್ಲ. "ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂತು ಈ ಟೋಪಿರಾಯನ ಪಿಕ್ಚರೆಲ್ಲ ಅವಳಿಗೆ ಹೇಳ್ತಿದ್ದೆ. ಇವನು ಮಾತು ನಿಲ್ಲಿಸಿದ ತಕ್ಷಣ ಅಕ್ಕ ನನ್ನ ತೋಳು ಹಿಡ್ಕೊಳ್ಳೋಳು. 'ಹೋದ್ನೇನೋ?' ಅಂತ. ಇಲ್ಲ ಅಕ್ಕ, ಇಲ್ಲೇ ಇದಾನೆ, ಬೆನ್ನು ಮಾಡ್ಕೊಂಡು ನಿಂತಿದಾನೆ ಅಂತ ಹೇಳ್ಬೇಕಿತ್ತು. ಅದೇ ಅಭ್ಯಾಸ ಆಗೋಯ್ತು."

ಅವಳು ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟಳು. ಬಾಯಿ ಮಾತ್ರ ತನ್ನ ಬುದ್ಧಿ ಬಿಡಲಿಲ್ಲ. "ಮೊದಲೇ ಹೇಳೋಕೆ ಏನಾಗಿತ್ತು?"

"ಕೇಳಿದ್ರಾ? ಕಿರುಚಿದ್ರಿ." ಕಾಗದದ ಲೋಟ ಹಿಸುಕಿ ಬುಟ್ಟಿಗೆಸೆದ. "ಇವತ್ತು ನಿಮ್ಮ ಮೌನ ನಿಮಗೆ ಕೊಟ್ಟು ಹೋಗ್ತೀನಿ. ಒಂದಕ್ಷರ ಸೇರಿಸಲ್ಲ, ನೆಮ್ಮದಿಯಾಗಿರಿ."

ಮಾಲೀಕರ ಕೋಣೆ ನಾಲ್ಕು ಹೆಜ್ಜೆ ಆಚೆಗಿತ್ತು. ಹೋಗಿ ಮಾತು ವಾಪಸ್ ತೆಗೆದುಕೊಳ್ಳಬಹುದಿತ್ತು. ಆದರೆ ಜಂಭ ಬಿಡಬೇಕಲ್ಲ, ಪುಣ್ಯಾತ್ಗಿತ್ತಿ ಅಲ್ಲೇ ನಿಂತು ತಣ್ಣಗಾದ ಕಾಫಿ ಕುಡಿದಳು.

ಅಂದು ನಾಯಕಿಗೆ ದನಿ ಕೊಡುವಾಕೆಯ ಗಂಟಲು ಕಟ್ಟಿತ್ತು. "ಅವಳದ್ದು ಆಮೇಲೆ ತಗೊಳ್ತೀನಿ. ಈಗ ಇವನಿಗೆ ಎದುರು ಮಾತು ಕೊಡೋಕೆ ನೀನೇ ಒಳಗೆ ಹೋಗೇ" ಎಂದರು ಮಾವ.

ದೀಪ ಆರಿತು. ಒಂದೇ ಮೈಕು, ಅದರ ಮುಂದೆ ಇಬ್ಬರು, ಭುಜಕ್ಕೆ ಭುಜ ತಾಗದಷ್ಟು ಮಾತ್ರ ಸಂದು. ಪರದೆಯ ಮೇಲೆ ಪಿಯಾನೋ ರಿಪೇರಿಗೆ ಬಂದಿದ್ದ ಟೋಪಿರಾಯ ಕೆಲಸ ಮುಗಿಸಿ ಚೀಲ ಕಟ್ಟಿದ್ದ. ಮನೆಯೊಡತಿಗೆ ಅವನು ಬೇಕು. ಅವನಿಗೂ ಅವಳು ಬೇಕು. ಇಬ್ಬರೂ ಹೇಳಿಕೊಳ್ಳರು.

"ಹೋಗೋದಾದರೆ ಹೋಗಿ" ಎಂದು ಅವಳು ಓದಿದಳು. "ನಾನು ತಡೆಯೋದಿಲ್ಲ."

ಟೋಪಿರಾಯ ತಿರುಗಿದ. ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕೈ ಬಾಗಿಲ ಹಿಡಿಯ ಮೇಲೆ. ಪರದೆಯ ತುಂಬ ಅವನ ಬೆನ್ನು.

ಗಂಟಲು ಬಾಯಿ ತೆರೆಯಲಿಲ್ಲ. ಕೈಕಟ್ಟಿ ನಿಂತಿದ್ದ, ಉಸಿರೂ ಕೇಳಿಸದಂತೆ. ಅವಳು ಬೇಡಿದ್ದ ಮೌನ ಅದೇ, ಕೂದಲೆಳೆಯಷ್ಟೂ ಊನವಿಲ್ಲದ್ದು. ಅದು ಮುಗಿಯಿತೆಂದರೆ ಇವನು ಆ ಬಾಗಿಲಿಂದ ಹೊರಗೆ ಹೋಗುತ್ತಾನೆ, ನಾಳೆಯಿಂದ ಗಾಜಿನೊಳಗೆ ಬೇರೆ ಯಾರೋ ನಿಲ್ಲುತ್ತಾರೆ, ಹುಬ್ಬೇರಿಸಿ 'ಹೇಗೆ?' ಎನ್ನುವವರಿರುವುದಿಲ್ಲ. ಒಂದು ಹಾಳು ಕ್ಯಾಲೆಂಡರ್ ಮಾತಿಗಾಗಿ ಅವಳ ಕಿವಿ ಕಾದು ಕೂತಿತು. ಬರಲಿಲ್ಲ. ಕತ್ತಲಲ್ಲಿ ಅವನಿದ್ದಾನೋ ಹೋದನೋ ಎಂದೇ ತಿಳಿಯಲಿಲ್ಲ.

ಅವಳು ಅವನ ತೋಳು ಹಿಡಿದುಕೊಂಡಳು.

"ಏನಾದ್ರೂ ಹೇಳೋ!"

"ಕಟ್! ಯಾರೇ ಅದು ಮಧ್ಯ ಬಾಯಿ ಹಾಕಿದ್ದು?" ಎಂದರು ಸ್ಪೀಕರಿನಲ್ಲಿ ಮಾವ.

ಅವನು ನಿಧಾನವಾಗಿ ತಿರುಗಿದ. "ಸ್ಕ್ರಿಪ್ಟಲ್ಲಿ ಇದು ಇಲ್ವಲ್ಲ ಮೇಡಂ."

"ಸ್ಕ್ರಿಪ್ಟ್ ಬರೆಯೋಳು ನಾನು."

"ಮತ್ತೆ, ಹೋಗಿ ಅಂತಲೂ ನೀವೇ ಬರೆದಿದ್ದು."

"ತಪ್ಪಾಗಿ ಬರೆದೆ." ಕಣ್ಣು ತುಂಬಿತ್ತು, ಸಿಟ್ಟೂ ಇಳಿದಿರಲಿಲ್ಲ. "ಹೋಗ್ಬೇಡ. ಓನರ್ ಹತ್ರ ನಾನೇ ಹೋಗಿ ಹೇಳ್ತೀನಿ, ತಪ್ಪು ನಂದು ಅಂತ. ನೀನಿಲ್ದೆ ನಂಗೆ ಆಗಲ್ಲ. ನಗಬೇಡ!"

"ನಗ್ತಿಲ್ಲ." ನಗುತ್ತಿದ್ದ. ತೋಳಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. "ಕಿರುಚದೆ ಹೇಳ್ತೀಯಾ?"

"ಅದು ಗೊತ್ತಿಲ್ಲ."

"ಇನ್ನೂ ರೆಕಾರ್ಡ್ ಆಗ್ತಾ ಇದೆ, ಜ್ಞಾಪಕ ಇರಲಿ" ಎಂದರು ಮಾವ. "ಇನ್ನೊಂದು ಟೇಕ್ ಮಾಡೋಣ್ವಾ, ಇಲ್ಲಾ ನಾನು ಕಾಫಿಗೆ ಹೋಗ್ಲಾ?"

ಇನ್ನೊಂದು ಟೇಕ್ ಆಯಿತು. ಅದರಲ್ಲಿ ಯಾರೂ ಬಾಯಿ ಹಾಕಲಿಲ್ಲ. ಮಾಲೀಕರ ಕೋಣೆಯಲ್ಲಿ ಅವಳು ಕಿರುಚಿದಳು, ಆದರೆ ಈ ಸಲ ಅವನ ಪರವಾಗಿ.

ಟೀವಿಯಲ್ಲಿ ಪಿಯಾನೋ ಚಿತ್ರ ಬಂದ ಭಾನುವಾರ ಸಂಜೆ ಅವನ ಮನೆಯ ಸೋಫಾದಲ್ಲಿ ಅಕ್ಕ ನಡುವೆ ಕೂತಿದ್ದಳು, ಆಚೆ ಈಚೆ ಇವರಿಬ್ಬರು. ಜಾದೂಗಾರನೇ ಬೆಸ್ಟ್, ಪಿಯಾನೋನೇ ಬೆಸ್ಟ್ ಎಂದು ಜಾಹೀರಾತು ಬಂದಾಗಲೆಲ್ಲ ಕಿತ್ತಾಡಿದ್ದರು. ಕೊನೆಗೆ ಟೋಪಿರಾಯ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಬೆನ್ನು ತಿರುಗಿಸಿದ. ಮನೆ ನಿಶ್ಶಬ್ದವಾಯಿತು.

ಅಕ್ಕ ಪಕ್ಕದಲ್ಲಿ ಸಿಕ್ಕ ತೋಳನ್ನು ಹಿಡಿದುಕೊಂಡಳು. "ಹೋದ್ನೇನೋ?"

ಅದು ತಮ್ಮನ ತೋಳಾಗಿರಲಿಲ್ಲ.

"ಇಲ್ಲ ಅಕ್ಕ" ಎಂದಳು ಕತ್ತರಿ. "ಇಲ್ಲೇ ಇದಾನೆ."