ಅಮ್ಮನ ಎದುರಿಗೆ ನಿಂತವರು

ದಿಕ್ಕಿಲ್ಲದ ಹೆಣಗಳನ್ನು ತೊಳೆಯುವುದು ನನ್ನಮ್ಮ ದೇವರಿಗೆಂದು ಮಾಡುತ್ತಿದ್ದ ಸೇವೆ. ಆ ಮಧ್ಯಾಹ್ನ ಶವಾಗಾರದ ಕಲ್ಲಿನ ಮೇಲೆ ಮಲಗಿದ್ದವನು ನನ್ನ ಅಣ್ಣನನ್ನು ಕೊಂದವನು.

"ಇವನನ್ನೂ ತೊಳೀತೀಯೇನಮ್ಮಾ? ನಾನಂತೂ ಮುಟ್ಟಲ್ಲ," ಎಂದು ಬಾಗಿಲಲ್ಲೇ ನಿಂತೆ.

"ಆರಿಸ್ಕೊಳ್ಳೋಕೆ ಇದೇನು ತರಕಾರಿ ಅಂಗಡೀನಾ? ದೇವರ ಕೆಲಸ ಕಣೇ."

ಅವಳು ಸೆರಗು ಸಿಕ್ಕಿಸಿಕೊಂಡು ನೀರು ಸುರಿದಳು. ತಣ್ಣನೆಯ ಕೋಣೆ ಬೆಚ್ಚಗಾಗತೊಡಗಿತು. ಬೆನ್ನು ತೊಳೆಯುವಾಗ ಹೆಣವನ್ನು ಹೊರಳಿಸಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

"ಭುಜ ಹಿಡ್ಕೋ," ಎಂದಳು ತಲೆಯೆತ್ತದೆ.

ಆ ಭಾರೀ ದೇಹ ಮೆಲ್ಲಗೆ ಮಗ್ಗುಲಾಗಿ, ಅವಳು ತೊಳೆದು ಮುಗಿಸುವವರೆಗೂ ಹಾಗೇ ನಿಂತಿತು.

"ಸದ್ಯ, ಬಂದ್ಯಲ್ಲ ಮಗಳೇ."

ನಾನು ಬಾಗಿಲು ಬಿಟ್ಟು ಕದಲಿರಲಿಲ್ಲ.

ಅಂಥ ತಾಯಿಯ ಮಗಳೆಂದು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ. ಆದರೆ ಆ ದಿನ ನೆಲವೆಲ್ಲ ನೆನೆದಿದ್ದರೂ ಅಮ್ಮನ ಎದುರಿಗೆ ಎರಡು ಪಾದಗಳಷ್ಟು ಜಾಗ ಮಾತ್ರ ಒಣಗಿಯೇ ಇತ್ತು.