ಮುಂದಿನ ಸಾಲಿನ ಕೆಮ್ಮು

ನಾನು ಜೀವನವಿಡೀ ಇತಿಹಾಸ ಪಾಠ ಮಾಡಿದವನು. ಆಧಾರವಿಲ್ಲದ ಮಾತು ಆಡುವವನಲ್ಲ. ಕಳೆದ ಜನವರಿಯ ಒಂದು ಮಧ್ಯಾಹ್ನ ಬ್ರಿಟನ್ನಿನ ಮಾಲ್ಟನ್ ಊರಿನ ಸಭಾಂಗಣದಲ್ಲಿ ನಮ್ಮ ಕನ್ನಡ ಬಳಗಕ್ಕೆ ಸೈಲಸ್ ಮಾರ್ಡನ್ ಎಂಬವನ ಜೀವನದ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಕೂಲಿಕಾರರಿಗೂ ಮತದ ಹಕ್ಕು ಬೇಕೆಂದು ಬ್ರಿಟಿಷ್ ಸಂಸತ್ತಿನಲ್ಲಿ ಗುಡುಗಿದ ಬಂಡಾಯಗಾರ ಅವನು.

ಅವನ ಕೊನೆಯ ಭಾಷಣದ ವಿಷಯಕ್ಕೆ ಬರುತ್ತಿದ್ದಂತೆ, ಮುಂದಿನ ಸಾಲಿನ ಖಾಲಿ ಕುರ್ಚಿಯೊಂದರಿಂದ ಕಫಗಟ್ಟಿದ ಕೆಮ್ಮು ಕೇಳಿಸಿತು. ಕಲ್ಲಿದ್ದಲ ಹೊಗೆಯ ವಾಸನೆ ಬಂತು. ಹೀಟಿಂಗ್ ಜೋರಾಗಿದ್ದರೂ ಆ ಕಡೆಗಿದ್ದ ನನ್ನ ಎಡಗೈ ಮಾತ್ರ ಚಳಿಗೆ ಮರಗಟ್ಟಿತು. ನಾನು ದನಿ ಏರಿಸಿ ಮಾತು ಮುಂದುವರಿಸಿದೆ.

ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಬೆಳಗಾವಿಯ ದ್ಯಾಮವ್ವ ನೀರಿನ ಲೋಟ ಹಿಡಿದು ಓಡಿಬಂದರು.

“ಸರ, ಒಂದ್ ಮಿನಿಟ್ ನಿಲ್ಲಸ್ರಿ. ಈ ಗೋರಾ ಅಜ್ಜಾರು ಆಗಳಿಂದ ವಾಟರ್, ವಾಟರ್ ಅನ್ನಾಕತ್ತಾರ. ಯಾರಿಗೂ ಕೇಳ್ಸವಲ್ದೇನು?”

ಆಕೆ ಲೋಟವನ್ನು ಆ ಖಾಲಿ ಕುರ್ಚಿಯತ್ತ ಚಾಚಿದರು. ಕೆಮ್ಮು ನಿಂತಿತು.

ಮಾರ್ಡನ್ ಸಂಸತ್ತಿನಲ್ಲಿ ಮಾತಾಡುತ್ತಲೇ ಕೆಮ್ಮಿ ಕುಸಿದು, ನೀರು ಕೇಳುತ್ತ ಸತ್ತಿದ್ದ. ಆ ಸಂಗತಿಯನ್ನು ನಾನಿನ್ನೂ ಸಭೆಗೆ ಹೇಳಿರಲಿಲ್ಲ.

ವೇದಿಕೆಯಿಂದ ಇಳಿದು ಹೋಗಿ ನೋಡಿದೆ. ದ್ಯಾಮವ್ವನ ಕೈಯಲ್ಲಿದ್ದ ಲೋಟ ಬರಿದಾಗಿತ್ತು. ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.